ಗೃಹಸ್ಥನ ಗುರುಕುಲವಾಸ

ನಮ್ಮ ಹಿರಿಯರು ಮನುಷ್ಯನ ಆಯುಸ್ಸನ್ನು ನಾಲ್ಕು ಆಶ್ರಮಗಳಾಗಿ ವಿಂಗಡಿಸಿದಾಗ ಓದಿಗೆ ಮೊದಲನೆಯ ಪಾಲನ್ನೂ ಸಂಸಾರಕ್ಕೆ ಎರಡನೆಯ ಪಾಲನ್ನೂ ಕೊಟ್ಟರು. ಸಮಾವರ್ತನ ಮುಗಿಸಿ ಗುರುಕುಲದಿಂದ ಹೊರಬಿದ್ದವನು ಮತ್ತೆ ಅತ್ತ ಮುಖಮಾಡುವುದು ತನ್ನ ಮಗನನ್ನು ಸೇರಿಸುವುದಕ್ಕೆ ಮಾತ್ರ ಎಂಬುದು ಅವರ ಎಣಿಕೆಯಾಗಿದ್ದಿರಬೇಕು. ಈ ಎರಡು ಆಶ್ರಮಗಳ ನಡುವಣ ಗೆರೆಯನ್ನು ನಮ್ಮ ಕಾಲ ಬಹುಮಟ್ಟಿಗೆ ಅಳಿಸಿಹಾಕಿದೆ. ತಲೆಯಲ್ಲಿ ನರೆ ಕಾಣಿಸಿಕೊಂಡ ಕಾರ್ಖಾನೆಯ ಮ್ಯಾನೇಜರು, ನೂರು ಜನರಿಗೆ ಅಪ್ಪಣೆ ಕೊಡುವ ಅಧಿಕಾರಿ, ಶನಿವಾರ ಬೆಳಗಾದರೆ ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು ತರಗತಿಗೆ ಹೊರಡುವ ನೋಟ ಬೆಂಗಳೂರಿನಂಥ ನಗರದಲ್ಲಿ ಈಗ ಯಾರಿಗೂ ಸೋಜಿಗವೆನಿಸದು. ಮಗಳ ಪರೀಕ್ಷೆಯೂ ತಂದೆಯ ಪರೀಕ್ಷೆಯೂ ಒಂದೇ ವಾರದಲ್ಲಿ ಬಂದು, ಮನೆಯ ಒಂದೇ ಮೇಜಿಗಾಗಿ ಇಬ್ಬರೂ ಸ್ಪರ್ಧಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಉದ್ಯೋಗವನ್ನು ಬಿಡದೆ ಪಡೆಯುವ ಈ ವ್ಯವಹಾರಾಡಳಿತದ ಪದವಿಗೆ ಎಕ್ಸಿಕ್ಯುಟಿವ್ ಎಂ.ಬಿ.ಎ. ಎಂದು ಹೆಸರು. ಇದರ ಹುಟ್ಟಿನ ಕಥೆ ಕುತೂಹಲಕರವಾದದ್ದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯವಹಾರ ಶಾಲೆ ತೆರೆದದ್ದು 1908ರಲ್ಲಿ. ಅಲ್ಲಿ ಓದುತ್ತಿದ್ದವರು ಮುಂದೆ ಅಧಿಕಾರಿಗಳಾಗಬೇಕಾಗಿದ್ದ ತರುಣರು. ಈಗಾಗಲೇ ಅಧಿಕಾರದಲ್ಲಿರುವವರಿಗೇ ಪದವಿಯ ಪಾಠ ಹೇಳಬೇಕೆಂಬ ಯೋಚನೆಯನ್ನು ಮೊಟ್ಟಮೊದಲು ಕಾರ್ಯಗತಗೊಳಿಸಿದ್ದು ಷಿಕಾಗೋ ವಿಶ್ವವಿದ್ಯಾನಿಲಯ, 1943ರಲ್ಲಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲವದು. ಯುದ್ಧಸಾಮಗ್ರಿಗಾಗಿ ಕಾರ್ಖಾನೆಗಳು ಹಗಲಿರುಳೂ ದುಡಿಯುತ್ತಿದ್ದ ದಿನಗಳಲ್ಲಿ, ಕೆಲಸವನ್ನು ಬಿಟ್ಟು ಬರಲಾರದ ಅಧಿಕಾರಿಗಳಿಗಾಗಿ ವಿದ್ಯೆಯೇ ತನ್ನ ವೇಳಾಪಟ್ಟಿಯನ್ನು ಬದಲಾಯಿಸಿಕೊಂಡಿತು. ಆ ಅಭ್ಯಾಸಕ್ರಮ ಇಂದಿಗೂ ಷಿಕಾಗೋ, ಲಂಡನ್ ಮತ್ತು ಹಾಂಗ್‌ಕಾಂಗ್ ನಗರಗಳಲ್ಲಿ ನಡೆಯುತ್ತಿದೆ.

ನಮ್ಮ ದೇಶದಲ್ಲಿ ಸ್ವಾತಂತ್ರ್ಯಾನಂತರ ಕೈಗಾರಿಕೆಗಳು ಬೆಳೆದಂತೆ ಈ ವಿದ್ಯೆಗೂ ನೆಲೆಗಳು ಹುಟ್ಟಿಕೊಂಡವು. 1953ರಲ್ಲಿ ಕಲ್ಕತ್ತೆಯಲ್ಲಿ ಸಮಾಜ ಕಲ್ಯಾಣ ಮತ್ತು ವ್ಯವಹಾರಾಡಳಿತ ಸಂಸ್ಥೆ ತಲೆಯೆತ್ತಿತು. 1956ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಆಡಳಿತ ಸಿಬ್ಬಂದಿ ಕಾಲೇಜು ಇಂಗ್ಲೆಂಡಿನ ಹೆನ್ಲಿಯ ಮಾದರಿಯನ್ನು ಅನುಸರಿಸಿ, ಸರ್ಕಾರದ ಅಧಿಕಾರಿಗಳನ್ನೂ ಖಾಸಗಿ ಉದ್ದಿಮೆಗಳ ಅಧಿಕಾರಿಗಳನ್ನೂ ಒಂದೇ ಚಾವಡಿಯಲ್ಲಿ ಕೂರಿಸಿತು. 1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳಲ್ಲಿ ಭಾರತೀಯ ವ್ಯವಸ್ಥಾಪನಾ ಸಂಸ್ಥೆಗಳು ಸ್ಥಾಪಿತವಾದವು. 1973ರಲ್ಲಿ ಬೆಂಗಳೂರಿಗೂ ಅಂಥದೊಂದು ಬಂದಿತು. ಬನ್ನೇರುಘಟ್ಟದ ರಸ್ತೆಯಲ್ಲಿ ಬಾಲಕೃಷ್ಣ ದೋಶಿಯವರು ಫತೇಪುರ್ ಸಿಕ್ರಿಯನ್ನು ನೆನೆದು ರೂಪಿಸಿದ ಅದರ ಕಲ್ಲಿನ ಕಟ್ಟಡಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಈ ಸಂಸ್ಥೆಗಳು ದೀರ್ಘಕಾಲ ಕೊಡುತ್ತಿದ್ದದ್ದು ಡಿಪ್ಲೊಮಾ. ಪದವಿಯನ್ನೇ ಕೊಡುವ ಅಧಿಕಾರ ಅವಕ್ಕೆ ದೊರೆತದ್ದು 2017ರ ಕಾನೂನಿನಿಂದ. ಇಂದು ಇವಲ್ಲದೆ ಹಲವಾರು ವಿಶ್ವವಿದ್ಯಾನಿಲಯಗಳೂ ಖಾಸಗಿ ಸಂಸ್ಥೆಗಳೂ ವಾರಾಂತ್ಯದ ತರಗತಿಗಳನ್ನು ನಡೆಸುತ್ತಿವೆ.

ದುಡಿಯುತ್ತ ಓದುವುದು ಕನ್ನಡಿಗರಿಗೆ ಹೊಸದೆಂದು ಯಾರೂ ತಿಳಿಯಬೇಕಾಗಿಲ್ಲ. ಹಗಲು ಗುಮಾಸ್ತೆಗಿರಿ, ಇರುಳು ಸಂಜೆಕಾಲೇಜು ಎಂಬ ಕ್ರಮದಲ್ಲಿ ಪದವೀಧರರಾದವರ ಒಂದು ತಲೆಮಾರೇ ನಮ್ಮಲ್ಲಿ ಆಗಿಹೋಗಿದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಸಂಜೆಕಾಲೇಜಿನ ಗುಮಾಸ್ತೆ ತನಗಿಲ್ಲದ ಸ್ಥಾನಕ್ಕಾಗಿ ಓದುತ್ತಿದ್ದ. ಇಂದಿನ ಮ್ಯಾನೇಜರು ತಾನಾಗಲೇ ಕುಳಿತಿರುವ ಕುರ್ಚಿಯಲ್ಲಿ ಕೂರುವುದು ಹೇಗೆಂದು ಓದುತ್ತಾನೆ. ಇದು ಸಣ್ಣ ವ್ಯತ್ಯಾಸವಲ್ಲ.

ಮ್ಯಾನೇಜರ್ ಎಂಬ ಮಾತಿನ ಮೂಲವನ್ನು ಹುಡುಕಿಕೊಂಡು ಹೋದರೆ ಇಟಾಲಿಯನ್ ಭಾಷೆಯ ಕುದುರೆ ಲಾಯಕ್ಕೆ ಬಂದು ನಿಲ್ಲುತ್ತೇವೆ. ಕುದುರೆಯನ್ನು ಕೈಯಿಂದ ಪಳಗಿಸುವುದು ಅದರ ಹಳೆಯ ಅರ್ಥ. ನಾವು ಮನೆಯೊಡೆಯನಿಗೆ ಹೇಳುವ ಯಜಮಾನ ಎಂಬ ಮಾತಾದರೋ ಯಜ್ಞಶಾಲೆಯಿಂದ ಬಂದದ್ದು. ತನ್ನ ವೆಚ್ಚದಲ್ಲಿ ಯಜ್ಞವನ್ನು ಮಾಡಿಸುವವನು ಯಜಮಾನ. ಒಂದು ಮಾತಿನಲ್ಲಿ ಲಗಾಮಿದೆ, ಇನ್ನೊಂದರಲ್ಲಿ ವೆಚ್ಚವನ್ನು ಹೊರುವ ಹೊಣೆಯಿದೆ. ವ್ಯವಹಾರಾಡಳಿತದ ಶಾಲೆ ಇವೆರಡರಲ್ಲಿ ಯಾವುದನ್ನು ಕಲಿಸುತ್ತದೆ ಎಂಬ ಪ್ರಶ್ನೆ, ಕನ್ನಡ ಪಾಠ ಹೇಳಿಕೊಂಡಿರುವ ನನ್ನಂಥವನ ತಲೆಗೆ ಹೊಕ್ಕದ್ದು ನನ್ನ ತಮ್ಮನ ದೆಸೆಯಿಂದ.

ನನ್ನ ತಮ್ಮ ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವಿಭಾಗದ ಮ್ಯಾನೇಜರು. ಜಯನಗರದಲ್ಲಿ ತಂದೆಯವರು ಬಿಟ್ಟುಹೋದ ಮನೆಯ ಕೆಳಗಡೆ ನಾನೂ ಮಹಡಿಯಲ್ಲಿ ಅವನೂ ವಾಸವಾಗಿದ್ದೇವೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ನಗರದ ಒಂದು ಸಂಸ್ಥೆಯಲ್ಲಿ ಎರಡು ವರ್ಷದ ವಾರಾಂತ್ಯದ ತರಗತಿಗೆ ಸೇರಿಕೊಂಡ. ಬೆಳಗಿನ ನಾಲ್ಕೂವರೆಗೆ ಮಹಡಿಯಲ್ಲಿ ದೀಪ ಹೊತ್ತಿಕೊಳ್ಳುತ್ತಿತ್ತು. ಪೀಣ್ಯಕ್ಕೆ ಹೋಗುವ ಮೆಟ್ರೊ ರೈಲಿನ ಸುಮಾರು ನಲವತ್ತು ನಿಮಿಷಗಳೂ ಓದಿಗೇ ಮೀಸಲು. ರೈಲಿನಲ್ಲಿ ನಿಂತುಕೊಂಡೇ ಓದಿದ್ದನ್ನು ರಾತ್ರಿ ನನ್ನ ಮುಂದೆ ಒಪ್ಪಿಸುವುದು ಅವನ ರೂಢಿ. ಏನೂ ತಿಳಿಯದವನಿಗೆ ತಿಳಿಯುವಂತೆ ಹೇಳಬಲ್ಲೆನಾದರೆ ತನಗೆ ತಿಳಿದಿದೆಯೆಂದು ಅವನ ನಂಬಿಕೆ. ಹೀಗೆ ಶುಲ್ಕವನ್ನು ತೆರದೆ ನಾನೂ ಆ ತರಗತಿಯ ವಿದ್ಯಾರ್ಥಿಯಾದೆ.

ಮೊದಲು ನನ್ನ ಮನಸ್ಸನ್ನು ಸೆಳೆದದ್ದು ಅವರ ಪಾಠದ ಕ್ರಮ. ಕಾನೂನಿನ ಶಾಲೆಯಿಂದ ಎರವಲು ತಂದು ಹಾರ್ವರ್ಡಿನವರು ಬೆಳೆಸಿದ ಪದ್ಧತಿಯಿದು. ಒಂದು ಉದ್ದಿಮೆಯ ನಿಜವಾದ ಸಂಗತಿಯನ್ನು ಹತ್ತಿಪ್ಪತ್ತು ಪುಟಗಳ ಕಥೆಯಂತೆ ಬರೆದಿರುತ್ತಾರೆ. ಪಾತ್ರಗಳಿರುತ್ತವೆ, ಸನ್ನಿವೇಶವಿರುತ್ತದೆ, ಜೊತೆಗೆ ಲೆಕ್ಕದ ಪಟ್ಟಿಗಳೂ ಇರುತ್ತವೆ. ಕಾರ್ಖಾನೆಯನ್ನು ಮುಚ್ಚಬೇಕೆ, ಬೆಲೆಯನ್ನು ಇಳಿಸಬೇಕೆ, ಹಳೆಯ ಸಹೋದ್ಯೋಗಿಯನ್ನು ಬಿಟ್ಟುಕೊಡಬೇಕೆ ಎಂದು ನಾಯಕನು ಕೈಕಟ್ಟಿ ನಿಂತಿರುವಾಗ ಬರಹ ಮುಗಿದುಹೋಗುತ್ತದೆ. ಕಥಾವಸ್ತುವಿಗೆ ಆದಿ ಮಧ್ಯ ಅಂತ್ಯಗಳಿರಬೇಕೆಂದು ಇಪ್ಪತ್ತು ವರ್ಷದಿಂದ ಬೋಧಿಸುತ್ತಿರುವ ನನಗೆ ಈ ಅಂತ್ಯವಿಲ್ಲದ ಕಥೆಗಳು ಮೊದಮೊದಲು ಬೇಸರ ತರಿಸಿದವು. ಕ್ರಮೇಣ ಅದರ ಉದ್ದೇಶ ತಿಳಿಯಿತು. ನಾಯಕನಿಗೆ ಮುಂದಿನದು ಗೊತ್ತಿಲ್ಲದಿರುವಾಗ ಓದುಗನಿಗೆ ಮಾತ್ರ ಏಕೆ ಗೊತ್ತಿರಬೇಕು? ತರಗತಿಯ ಐವತ್ತು ಮಂದಿ ಐವತ್ತು ಅಂತ್ಯಗಳನ್ನು ತರುತ್ತಾರೆ. ಆಸ್ಪತ್ರೆಯ ಆಡಳಿತಗಾರ, ಬ್ಯಾಂಕಿನ ಅಧಿಕಾರಿ, ತಂತ್ರಾಂಶದ ಎಂಜಿನಿಯರು, ಸೈನ್ಯದಿಂದ ನಿವೃತ್ತನಾದ ಮೇಜರು, ಇವರೆಲ್ಲ ತಮ್ಮ ತಮ್ಮ ಅನುಭವವನ್ನು ಮುಂದಿಟ್ಟು ಜಗಳವಾಡುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇದು ಊಹೆಯ ಆಟ. ನಲವತ್ತರವನು ಹಾಗಲ್ಲ, ಸೋಮವಾರ ಬೆಳಿಗ್ಗೆ ತನ್ನ ಮೇಜಿನ ಮೇಲೆ ಅದೇ ಪ್ರಶ್ನೆಯನ್ನು ಎದುರಿಸುತ್ತಾನೆ.

ಅಂಥದೊಂದು ಸೋಮವಾರದ ಪ್ರಶ್ನೆಯನ್ನು ಇಲ್ಲಿ ಕೊಂಚ ವಿಸ್ತಾರವಾಗಿ ಹೇಳಲು ವಾಚಕರ ಅಪ್ಪಣೆ ಬೇಡುತ್ತೇನೆ.

ನನ್ನ ತಮ್ಮನ ಕಾರ್ಖಾನೆಗೆ ಬೇಕಾದ ಎರಕದ ಭಾಗಗಳು ಬೆಳಗಾವಿಯ ಒಂದು ಸಣ್ಣ ಎರಕಶಾಲೆಯಿಂದ ಬರುತ್ತವೆ. ಬೆಳಗಾವಿ ಎರಕದ ಕೆಲಸಕ್ಕೆ ಹೆಸರಾದ ಊರಷ್ಟೆ. ವರ್ಷಕ್ಕೆ ಎರಡೇ ಸಲ ರಾಶಿರಾಶಿಯಾಗಿ ತರಿಸಿ ಉಗ್ರಾಣವನ್ನು ತುಂಬುವುದು ಅವರ ಪರಿಪಾಠ. ತುಂಬಿದ ಕಣಜವನ್ನು ಕಂಡು ಹಿಗ್ಗುವ ರೈತನಂತೆ ತಮ್ಮನೂ ಆ ಉಗ್ರಾಣವನ್ನು ಕಂಡು ಹಿಗ್ಗುತ್ತಿದ್ದ. ತರಗತಿಯಲ್ಲಿ ಅವನಿಗೆ ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದ ಎಂಜಿನಿಯರು 1913ರಲ್ಲಿ ಪ್ರಕಟಿಸಿದ ಒಂದು ಸೂತ್ರದ ಪರಿಚಯವಾಯಿತು. ಅದರ ತಿರುಳು ಸರಳವಾದದ್ದು. ಸರಕನ್ನು ಪ್ರತಿ ಸಲ ತರಿಸುವುದಕ್ಕೆ ಒಂದು ವೆಚ್ಚ. ತರಿಸಿದ್ದನ್ನು ಇರಿಸಿಕೊಳ್ಳುವುದಕ್ಕೆ ಇನ್ನೊಂದು ವೆಚ್ಚ. ಒಮ್ಮೆಗೆ ಹೆಚ್ಚು ತರಿಸಿದರೆ ಮೊದಲನೆಯದು ಇಳಿದು ಎರಡನೆಯದು ಏರುತ್ತದೆ. ಇವೆರಡೂ ಸರಿಸಮವಾಗುವ ಪ್ರಮಾಣವೇ ಒಟ್ಟು ವೆಚ್ಚ ಕನಿಷ್ಠವಾಗುವ ಪ್ರಮಾಣ.

ತಿಳಿಯಲು ಅನುಕೂಲವಾಗುವಂತೆ ಅಂಕಿಗಳನ್ನು ದುಂಡುಮಾಡಿ ಹೇಳುತ್ತೇನೆ. ವರ್ಷಕ್ಕೆ 1,200 ಭಾಗಗಳು ಬೇಕು. ಒಂದು ಸಲ ತರಿಸುವ ವೆಚ್ಚ 600 ರೂಪಾಯಿ. ಒಂದು ಭಾಗವನ್ನು ಒಂದು ವರ್ಷ ಇರಿಸಿಕೊಳ್ಳುವ ವೆಚ್ಚ, ತೊಡಗಿಸಿದ ಹಣದ ಬಡ್ಡಿಯೂ ಸೇರಿ, 100 ರೂಪಾಯಿ. ಎರಡು ಸಲ 600ರಂತೆ ತರಿಸಿದರೆ ತರಿಸುವುದಕ್ಕೆ 1,200 ರೂಪಾಯಿ, ಉಗ್ರಾಣದಲ್ಲಿ ಸರಾಸರಿ 300 ಭಾಗಗಳು ಇರುವುದರಿಂದ ಇರಿಸುವುದಕ್ಕೆ 30,000 ರೂಪಾಯಿ, ಒಟ್ಟು 31,200. ಸೂತ್ರದಂತೆ ಬರುವ ಪ್ರಮಾಣ 120. ಹತ್ತು ಸಲ 120ರಂತೆ ತರಿಸಿದರೆ ತರಿಸುವುದಕ್ಕೆ 6,000, ಇರಿಸುವುದಕ್ಕೆ 6,000, ಒಟ್ಟು 12,000. ಹೆಮ್ಮೆಯಿಂದ ತುಂಬಿಸಿಟ್ಟ ಉಗ್ರಾಣ ವರ್ಷವರ್ಷವೂ 19,200 ರೂಪಾಯಿಗಳನ್ನು ಸದ್ದಿಲ್ಲದೆ ನುಂಗುತ್ತಿತ್ತು. ಇಂಥ ಹತ್ತಾರು ಭಾಗಗಳಿರುವಾಗ ಮೊತ್ತ ಎಷ್ಟಾದೀತೆಂದು ವಾಚಕರೇ ಎಣಿಸಿಕೊಳ್ಳಬಹುದು.

ತಮ್ಮ ಉತ್ಸಾಹದಿಂದ ಹೊಸ ಕ್ರಮವನ್ನು ಜಾರಿಗೆ ತಂದ. ಮೇಲಧಿಕಾರಿಗಳು ಮೆಚ್ಚಿದರು. ಎರಡು ತಿಂಗಳಾಗುವಷ್ಟರಲ್ಲಿ ಬೆಳಗಾವಿಯ ಎರಕಶಾಲೆಯ ಮಾಲೀಕರು ದೂರವಾಣಿಯಲ್ಲಿ ಮಾತನಾಡಿ, ಹೀಗೆಯೇ ಮುಂದುವರಿದರೆ ತಾವು ಈ ಕೆಲಸವನ್ನು ಬಿಡಬೇಕಾಗುವುದೆಂದು ತಿಳಿಸಿದರು. ಹತ್ತನೆಯ ತರಗತಿಯವರೆಗೆ ಓದಿ, ತಂದೆಯ ಕುಲುಮೆಯನ್ನು ಹದಿನೆಂಟು ಆಳುಗಳ ಎರಕಶಾಲೆಯಾಗಿ ಬೆಳೆಸಿದವರು ಅವರು. ಪ್ರತಿ ಸಲವೂ ಅಚ್ಚುಗಳನ್ನು ಬದಲಾಯಿಸಬೇಕು, ಮರಳನ್ನು ಹದಗೊಳಿಸಬೇಕು, ಮೊದಲ ಕೆಲವು ಎರಕಗಳು ಕೆಡುವುದನ್ನು ಸಹಿಸಬೇಕು. ವರ್ಷಕ್ಕೆ ಎರಡಾವರ್ತಿ ಬರುತ್ತಿದ್ದ ಈ ತೊಡಕು ಈಗ ಹತ್ತಾವರ್ತಿ ಬಂದಿತು. ಒಂದಾವರ್ತಿಗೆ ಅವರಿಗಾಗುವ ವೆಚ್ಚ 1,800 ರೂಪಾಯಿ ಎಂದಿಟ್ಟುಕೊಂಡರೆ, ಹಿಂದೆ 3,600 ಆಗುತ್ತಿದ್ದದ್ದು ಈಗ 18,000 ಆಯಿತು. ಕಾರ್ಖಾನೆ ಉಳಿಸಿದ ಹಣದ ದೊಡ್ಡ ಭಾಗ ಬೆಳಗಾವಿಯ ಕುಲುಮೆಯಲ್ಲಿ ಉರಿದುಹೋಗುತ್ತಿತ್ತು.

ಇದನ್ನು ತಮ್ಮ ತರಗತಿಯಲ್ಲಿ ಎತ್ತಿದಾಗ ಪ್ರಾಧ್ಯಾಪಕರು ಸೂತ್ರವನ್ನು ಸಮರ್ಥಿಸಲು ಹೋಗಲಿಲ್ಲ. "ತರಿಸುವ ವೆಚ್ಚ ಎಂದು ಬರೆದಿರಲ್ಲ, ಯಾರ ವೆಚ್ಚ ಅದು?" ಎಂದು ಕೇಳಿ ಸುಮ್ಮನಾದರಂತೆ. ಆ ರಾತ್ರಿ ತಮ್ಮ ಎರಡು ಕಡೆಯ ವೆಚ್ಚವನ್ನೂ ಕೂಡಿಸಿ, 600ರ ಜಾಗದಲ್ಲಿ 2,400 ಎಂದು ಬರೆದುಕೊಂಡು ಮತ್ತೆ ಲೆಕ್ಕ ಮಾಡಿದ. ಉತ್ತರ 240 ಎಂದು ಬಂದಿತು. ಅರ್ಥಾತ್ ವರ್ಷಕ್ಕೆ ಐದು ಸಲ. ಆಗ ಕಾರ್ಖಾನೆಯ ವೆಚ್ಚ 15,000, ಎರಕಶಾಲೆಯದು 9,000. ಎರಡೂ ಸೇರಿ 24,000. ಹಳೆಯ ಕ್ರಮದಲ್ಲಿ ಈ ಮೊತ್ತ 34,800 ಆಗಿತ್ತು. ಹತ್ತು ಸಲ ತರಿಸುವ ಕ್ರಮದಲ್ಲಿ 30,000 ಆಗಿತ್ತು. ಹಳೆಯ ಕ್ರಮಕ್ಕಿಂತ ಎರಕಶಾಲೆಗೆ ಹೆಚ್ಚುವ 5,400 ರೂಪಾಯಿಗಳನ್ನು ಭಾಗವೊಂದಕ್ಕೆ ನಾಲ್ಕೂವರೆ ರೂಪಾಯಿಯಂತೆ ಬೆಲೆಯಲ್ಲಿ ಏರಿಸಿಕೊಟ್ಟರೂ ಕಾರ್ಖಾನೆಗೆ 10,800 ರೂಪಾಯಿ ಉಳಿತಾಯ. ಯಾರಿಗೂ ನಷ್ಟವಿಲ್ಲದ ಒಂದು ದಾರಿ ಅಂಕಿಗಳ ಒಳಗೇ ಅಡಗಿ ಕುಳಿತಿತ್ತು.

ಈ ಲೆಕ್ಕವನ್ನು ಬೆಳಗಾವಿಯವರಿಗೆ ತಿಳಿಸಬೇಕಾಗಿತ್ತು. ಇಂಗ್ಲಿಷಿನ ಪತ್ರವೊಂದು ಹೋದರೆ ಅದನ್ನು ದೊಡ್ಡವರ ಹೊಸ ತಂತ್ರವೆಂದೇ ಅವರು ಶಂಕಿಸುವರೆಂದು ತಮ್ಮನಿಗೆ ಅಳುಕು. ಕನ್ನಡದಲ್ಲಿ ಒಂದು ಪುಟ ಬರೆದುಕೊಡಬೇಕೆಂದು ನನ್ನನ್ನು ಕೇಳಿದ. ಪಾರಿಭಾಷಿಕ ಶಬ್ದಗಳಿಗಾಗಿ ಸಂಸ್ಕೃತದ ಕಡೆ ಕೈಚಾಚುವುದು ನಮ್ಮ ಅಧ್ಯಾಪಕವರ್ಗದ ಅಭ್ಯಾಸ. ಆದೇಶವ್ಯಯ, ಸಂಗ್ರಹಣಾವ್ಯಯ ಎಂಬ ಮಾತುಗಳು ಲೇಖನಿಯ ತುದಿಗೆ ಬಂದೂ ಬಂದವು. ಆದರೆ ಕುಲುಮೆಯ ಮುಂದೆ ನಿಂತವರೊಬ್ಬರು ಓದಬೇಕಾದ ಪುಟವದು. ತರಿಸುವ ವೆಚ್ಚ, ಇರಿಸುವ ವೆಚ್ಚ ಎಂದು ಬರೆದೆ. ಎರಡು ಮಾತುಗಳೂ ತಕ್ಕಡಿಯ ಎರಡು ತಟ್ಟೆಗಳಂತೆ ತಾವಾಗಿಯೇ ಸರಿದೂಗಿ ನಿಂತವು. ತಮ್ಮ ಆ ಪುಟದೊಂದಿಗೆ ಒಂದು ಭಾನುವಾರ ಬೆಳಗಾವಿಗೆ ಹೋಗಿಬಂದ. ಮಾಲೀಕರು ಎರಡು ಸಲ ಓದಿ, ಕೊನೆಗೆ ಮರಳು ಹದಗೊಳಿಸುವ ಕೂಲಿಯನ್ನು ನಾವು ಕಡಿಮೆ ಹಿಡಿದಿದ್ದೇವೆಂದು ತೋರಿಸಿಕೊಟ್ಟರಂತೆ. ಸೂತ್ರ ಅವರಿಗೆ ತಿಳಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಇಷ್ಟಾದರೂ ಕಥೆ ಪೂರ್ತಿ ಮಂಗಳದಲ್ಲಿ ಮುಗಿಯಲಿಲ್ಲ. ಐದು ಸಲದ ಕ್ರಮಕ್ಕೆ ಕಾರ್ಖಾನೆ ಒಪ್ಪಿತು. ಬೆಲೆ ಏರಿಸುವ ಕಾಗದ ಮಾತ್ರ ಮೇಜಿನಿಂದ ಮೇಜಿಗೆ ಅಲೆದು, ಕೇಳಿದ್ದರಲ್ಲಿ ಅರ್ಧ ಮಂಜೂರಾಗಿ ಹಿಂದಿರುಗಿತು. ಬೆಲೆ ಇಳಿಸಿದಷ್ಟೂ ಜಾಣತನವೆಂದು ಎಣಿಸುವ ವಿಭಾಗವೊಂದು ಪ್ರತಿಯೊಂದು ಉದ್ದಿಮೆಯಲ್ಲಿಯೂ ಇರುತ್ತದೆಯಷ್ಟೆ. ಎರಕಶಾಲೆ ಕೆಲಸವನ್ನು ಬಿಡಲಿಲ್ಲ, ನಿರಾಳವೂ ಆಗಲಿಲ್ಲ. ತಮ್ಮ ಉಳಿದರ್ಧಕ್ಕಾಗಿ ಪ್ರತಿ ವರ್ಷವೂ ಕಾಗದ ಬರೆಯುತ್ತಿದ್ದಾನೆ.

ಇನ್ನು ಮನೆಯ ಲೆಕ್ಕ. ಶುಲ್ಕಕ್ಕಾಗಿ ಮಾಡಿದ ಬ್ಯಾಂಕಿನ ಸಾಲ ಇನ್ನೂ ತೀರಿಲ್ಲ. ಆರಂಭದಲ್ಲಿ ಶನಿವಾರದ ಬಿಡುವನ್ನು ಸಂತೋಷದಿಂದ ಕೊಟ್ಟಿದ್ದ ಕಾರ್ಖಾನೆಯಲ್ಲಿ ಎರಡನೆಯ ವರ್ಷ ಮೇಲಧಿಕಾರಿ ಬದಲಾದರು. ಆಮೇಲಿನ ಶನಿವಾರಗಳಿಗೆಲ್ಲ ಸಂಬಳ ಕಡಿತ. ತಮ್ಮನ ಹೆಂಡತಿ ತಾನೂ ಒಂದು ಬ್ಯಾಂಕಿನಲ್ಲಿ ದುಡಿಯುವವಳು. ಎರಡು ವರ್ಷ ಮದುವೆ ಮುಂಜಿಗಳಿಗೆ ಒಬ್ಬಳೇ ಹೋದಳು, ನಮ್ಮ ತಾಯಿಯನ್ನು ಆಸ್ಪತ್ರೆಗೆ ಒಬ್ಬಳೇ ಕರೆದೊಯ್ದಳು, ಮಗಳ ಶಾಲೆಯ ಸಭೆಗಳಲ್ಲಿ ಒಬ್ಬಳೇ ಕುಳಿತಳು. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟುಹೋಗುವ ಇನ್ನೊಂದರ ಬೆಲೆಯನ್ನೂ ವೆಚ್ಚವೆಂದೇ ಎಣಿಸಬೇಕೆಂಬ ಅರ್ಥಶಾಸ್ತ್ರದ ಪಾಠವನ್ನು ತಮ್ಮ ಒಂದು ರಾತ್ರಿ ಉತ್ಸಾಹದಿಂದ ವಿವರಿಸುತ್ತಿದ್ದಾಗ ಅವಳು, "ಹಾಗಾದರೆ ನನ್ನ ನೂರು ಭಾನುವಾರಗಳನ್ನು ಯಾವ ಕಲಮಿನಲ್ಲಿ ಬರೆದಿರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದ ಉತ್ತರ ಹೇಳುವುದು ಇನ್ನಷ್ಟು ಕಷ್ಟವಾಯಿತು. ತಮ್ಮ ಓದನ್ನು ಅಲ್ಲಿಗೇ ಬಿಡುವೆನೆಂದ. ಅವಳು ಒಪ್ಪಲಿಲ್ಲ. ಮುಕ್ಕಾಲು ದಾರಿ ಬಂದಮೇಲೆ ಹಿಂತಿರುಗಿದರೆ ತನ್ನ ಭಾನುವಾರಗಳೂ ವ್ಯರ್ಥವಾಗುವುವು ಎಂದಳು. ಕಳೆದುಹೋದ ವೆಚ್ಚವನ್ನು ಮುಂದಿನ ನಿರ್ಧಾರದಲ್ಲಿ ಎಣಿಸಕೂಡದೆಂದು ಅದೇ ಪುಸ್ತಕದಲ್ಲಿ ಬರೆದಿದೆಯಂತೆ. ತಮ್ಮ ಬುದ್ಧಿವಂತ, ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಪದವಿ ಬಂದು ಈಗ ಎರಡು ವರ್ಷವಾಯಿತು. ಬಡ್ತಿ ಬಂದಿಲ್ಲ, ತಮ್ಮ ಅದೇ ಕುರ್ಚಿಯಲ್ಲಿದ್ದಾನೆ. ಪತ್ರಿಕೆಗಳ ಜಾಹೀರಾತುಗಳಲ್ಲಿ ಕಾಣುವ, ಕೋಟು ತೊಟ್ಟು ಮೆಟ್ಟಲೇರುವ ಯುವಕನ ಚಿತ್ರಕ್ಕೂ ಅವನಿಗೂ ಸಂಬಂಧವಿಲ್ಲ. ಹಾಗಾದರೆ ಈ ಓದಿನಿಂದ ಬಂದ ಲಾಭವೇನೆಂದು ನೆಂಟರಿಷ್ಟರು ಕೇಳುವುದುಂಟು. ಲೆಕ್ಕದ ಪಟ್ಟಿಯನ್ನು ಮುಂದಿಟ್ಟು ಯಾರಾದರೂ ಅವಸರಪಡಿಸಿದರೆ ಅವನು ಈಗ ಅಂಜುವುದಿಲ್ಲ. ಯಾರ ವೆಚ್ಚ, ಯಾರ ಲಾಭ ಎಂದು ಕೇಳುತ್ತಾನೆ. ನೌಕರನೊಬ್ಬ ತಪ್ಪಿದಾಗ ಅವನ ಮೇಲೆ ಹರಿಹಾಯುವ ಮುನ್ನ ಕೆಲಸದ ಏರ್ಪಾಟಿನಲ್ಲಿ ದೋಷವಿದೆಯೇ ಎಂದು ಹುಡುಕುತ್ತಾನೆ. ಇವಕ್ಕೆ ಸಂಬಳದ ಪಟ್ಟಿಯಲ್ಲಿ ಸ್ಥಾನವಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಓದಿನ ಹೀಯಾಳಿಕೆಗೆ ಬಳಸುವವರು ಬಹಳ. ಆ ಒಕ್ಕಾಲು ಇಲ್ಲದೆ ಮುಕ್ಕಾಲು ಒಂದಾಗದೆಂಬ ಗಣಿತವೂ ಗಾದೆಯಲ್ಲಿಯೇ ಇದೆ.

ಈ ದಾರಿಗೆ ಹೊರಟು ನಿಂತವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನ ಬಿನ್ನಹ ಇಷ್ಟೆ. ಬಡ್ತಿಯೊಂದೇ ಗುರಿಯಾಗಿದ್ದರೆ ಮೊದಲು ತಮ್ಮ ಮೇಲಧಿಕಾರಿಗಳ ಮನಸ್ಸನ್ನು ತಿಳಿದುಕೊಳ್ಳಲಿ. ಬಿಡುವಿನ ಭರವಸೆಯನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಲಿ. ಶುಲ್ಕವನ್ನು ಎಣಿಸುವಾಗ ಮನೆಯವರ ಭಾನುವಾರಗಳನ್ನೂ ಎಣಿಸಲಿ, ಎಣಿಸುವಾಗ ಅವರನ್ನೂ ಎದುರಿಗೆ ಕೂರಿಸಿಕೊಳ್ಳಲಿ. ತನ್ನ ಕೆಲಸದಲ್ಲಿ ತನ್ನನ್ನು ನಿಜವಾಗಿ ಕಾಡುತ್ತಿರುವ ಒಂದಾದರೂ ಪ್ರಶ್ನೆ ಇರುವವನು ಧಾರಾಳವಾಗಿ ಹೋಗಲಿ. ಅಂಥವನಿಗೆ ಪಾಠ ವ್ಯರ್ಥವಾಗದು.

ಕನ್ನಡ ಬಲ್ಲ ಪ್ರಾಜ್ಞರಲ್ಲಿಯೂ ಒಂದು ಮಾತಿದೆ. ಈ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವರ ಆಜ್ಞೆಗಳು ಕೊನೆಗೆ ಬಂದು ಮುಟ್ಟುವುದು ಕನ್ನಡದಲ್ಲಿ ಬದುಕುವವರನ್ನು. ಎರಕದವರು, ಲಾರಿಯವರು, ಉಗ್ರಾಣದ ಕಾವಲಿನವರು, ಇವರ ದುಡಿಮೆಯ ದಿನಗಳನ್ನು ಹೆಚ್ಚಿಸುವ ಇಳಿಸುವ ಸೂತ್ರಗಳು ಇವರಿಗೆ ಗೊತ್ತಾಗುವುದು ಪರಿಣಾಮದ ರೂಪದಲ್ಲಿ ಮಾತ್ರ. ಒಂದು ಪುಟದ ಕನ್ನಡ ಬೆಳಗಾವಿಯ ಮಾಲೀಕರಿಗೆ ನಮ್ಮ ಲೆಕ್ಕದ ತಪ್ಪನ್ನು ಹಿಡಿಯುವ ಶಕ್ತಿಯನ್ನು ಕೊಟ್ಟಿತು. ಅಂಥ ಇನ್ನೂರು ಪುಟಗಳ ಪುಸ್ತಕವೊಂದನ್ನು ಯಾರಾದರೂ ತಿಳಿದವರು ಬರೆಯುವುದಾದರೆ, ಶಬ್ದಗಳನ್ನು ಹುಡುಕಿಕೊಡುವ ಕೆಲಸಕ್ಕೆ ನನ್ನಂಥ ಅಧ್ಯಾಪಕರು ಬೇಕಾದಷ್ಟು ಮಂದಿ ಇದ್ದೇವೆ. ತಮ್ಮನನ್ನು ಆಗಾಗ್ಗೆ ಒತ್ತಾಯಿಸುತ್ತಿದ್ದೇನೆ. ಭಾನುವಾರಗಳನ್ನು ಕೊಡುವವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಎನ್ನುತ್ತಾನೆ.